ಬಾಂಜಾರ್‌ಮಾಸಿನ್‌ನಲ್ಲಿ ಶನಿವಾರದ ಸಂತೆ, ಭಾನುವಾರದ ಸಂತೆ

ಶುಕ್ರವಾರ ರಾತ್ರಿ

ಜಕಾರ್ತದಲ್ಲಿ ಇರುವವರಿಗೆ ವಾರದ ಕೊನೆ ಅಂದರೆ ಮಾಲ್, ಇಲ್ಲಾ ಬಾಂಡುಂಗ್ ರಸ್ತೆಯ ಟ್ರಾಫಿಕ್. ಎರಡೂ ಸಾಕಾಗಿತ್ತು. ನೀರಿನ ಮೇಲೆ ದೋಣಿಗಳಲ್ಲೇ ನಡೆಯುವ ಸಂತೆ ನೋಡೋಣ ಅಂತ ಬಾಂಜಾರ್‌ಮಾಸಿನ್‌ಗೆ ಹೊರಟೆವು. ಡಿಸೆಂಬರ್ ತಿಂಗಳು, ಮಳೆಗಾಲ, ಟಿಕೆಟ್ ಕಡಿಮೆಗೆ ಸಿಕ್ಕಿತು. ಇವರು ಆಫೀಸಿನಿಂದ ನೇರ ಏರ್‌ಪೋರ್ಟಿಗೆ ಬಂದರು, ನಾನು ಮನೆಯಿಂದ ಬ್ಯಾಗು ಹೊತ್ತು ಹೋದೆ. ಎರಡು ಗಂಟೆಯೊಳಗೆ ಬೋರ್ನಿಯೋ ದ್ವೀಪದಲ್ಲಿ ಇಳಿದೆವು. ಇಂಡೋನೇಷ್ಯಾಕ್ಕೆ ಸೇರಿದ ಬೋರ್ನಿಯೋ ಭಾಗವನ್ನು ಇಲ್ಲಿಯವರು ಕಾಲಿಮಂತಾನ್ ಅಂತಾರೆ. ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು. ಮರೆತರೆ ಬೆಳಗಿನ ದೋಣಿ ತಪ್ಪುತ್ತದೆ.

ವಿಮಾನ ಇಳಿಯುವುದು ಬಾಂಜಾರ್‌ಬಾರು ಅನ್ನುವ ಊರಿನಲ್ಲಿ. 2022ರ ಕಾನೂನಿನ ಪ್ರಕಾರ ದಕ್ಷಿಣ ಕಾಲಿಮಂತಾನ್ ಪ್ರಾಂತ್ಯದ ರಾಜಧಾನಿ ಈಗ ಅದೇ. ಅದಕ್ಕೆ ಮೊದಲು ರಾಜಧಾನಿ ಆಗಿದ್ದದ್ದು ನಾವು ಹೊರಟಿದ್ದ ಬಾಂಜಾರ್‌ಮಾಸಿನ್. "ಬೇಜಾರಾಯ್ತಾ?" ಅಂತ ಟ್ಯಾಕ್ಸಿಯವರನ್ನು ಕೇಳಿದೆ. "ಫೈಲುಗಳು ಹೋದವು, ಟ್ರಾಫಿಕ್ ಮಾತ್ರ ಇಲ್ಲೇ ಉಳೀತು" ಅಂದರು.

ರಸ್ತೆ ಚಪ್ಪಟೆ. ಒಂದು ದಿಣ್ಣೆಯೂ ಇಲ್ಲ. ಎರಡೂ ಬದಿ ಕತ್ತಲಲ್ಲಿ ನೀರು ಹೊಳೆಯುತ್ತಿತ್ತು. ಗದ್ದೆಯೋ ಜೌಗೋ ಗೊತ್ತಾಗಲಿಲ್ಲ. ಅಂಗಡಿಗಳ ಹಿಂಭಾಗ ಕಂಬಗಳ ಮೇಲೆ ನಿಂತಿತ್ತು, ಮುಂಭಾಗ ಮಾತ್ರ ರಸ್ತೆಗೆ ಅಂಟಿಕೊಂಡಿತ್ತು. ಬಾಂಜಾರ್‌ಮಾಸಿನ್ ಅನ್ನು ಸಾವಿರ ನದಿಗಳ ಊರು ಅಂತ ಕರೆಯುತ್ತಾರೆ. ಸಾವಿರ ಇವೆಯೋ ಇಲ್ಲವೋ, ಊರು ಮಾತ್ರ ಸಮುದ್ರ ಮಟ್ಟಕ್ಕಿಂತ ಒಂದಿಷ್ಟು ಕೆಳಗೇ ಇದೆ. ಸಮುದ್ರದಲ್ಲಿ ಉಬ್ಬರ ಬಂದರೆ ಇಲ್ಲಿನ ಕಾಲುವೆಗಳಲ್ಲೂ ನೀರು ಏರುತ್ತದೆ. ಅದರ ಜೊತೆಗೆ ಮಳೆಯೂ ಸೇರಿದರೆ ರಸ್ತೆಗೂ ಬರುತ್ತದೆ. 2021ರ ಜನವರಿಯಲ್ಲಿ ಈ ಪ್ರಾಂತ್ಯದಲ್ಲಿ ಭಾರಿ ಪ್ರವಾಹ ಬಂದಿತ್ತು. ಟ್ಯಾಕ್ಸಿಯವರು ತಮ್ಮ ಮನೆ ಗೋಡೆಯ ಮೇಲೆ ಆ ನೀರಿನ ಗುರುತು ಇನ್ನೂ ಇದೆ ಅಂದರು. ಸ್ಟೀರಿಂಗ್ ಬಿಟ್ಟು ಕೈಯಲ್ಲಿ ಎತ್ತರ ತೋರಿಸಿದರು. ಎದೆಮಟ್ಟ.

ಉಳಿದುಕೊಳ್ಳಲು ಮಾರ್ತಾಪುರಾ ನದಿಯ ದಂಡೆಗೆ ನಡೆದು ಹೋಗುವಷ್ಟು ದೂರದಲ್ಲಿ ರೂಮು ಮಾಡಿದ್ದೆವು. ಬೇರೆ ಕಡೆ ಎಷ್ಟೇ ಚೆನ್ನಾಗಿರುವ ಹೋಟೆಲ್ ಸಿಕ್ಕರೂ ಬೇಡ. ಇಲ್ಲಿ ಎಲ್ಲ ಶುರುವಾಗುವುದೇ ಬೆಳಕು ಹರಿಯುವ ಮೊದಲು.

ಶನಿವಾರ

ನಾಲ್ಕೂವರೆಗೆ ಬೆಳಗಿನ ಆಜಾನ್ ಎಬ್ಬಿಸಿತು, ಅಲಾರಂ ಬೇಕಾಗಲಿಲ್ಲ. ಐದು ದಾಟುವಷ್ಟರಲ್ಲಿ ದಂಡೆಯಲ್ಲಿದ್ದೆವು. ದೋಣಿಯವರು ಹಿಂದಿನ ರಾತ್ರಿಯೇ ಫೋನಿನಲ್ಲಿ ಒಪ್ಪಿದ್ದರು. ಇಡೀ ದೋಣಿಗೆ 4 ಲಕ್ಷ ರುಪಿಯಾ, ನಮ್ಮ ದುಡ್ಡಿನಲ್ಲಿ ಎರಡು ಸಾವಿರ ರೂಪಾಯಿ ಮೇಲೆ ಚೂರುಪಾರು. ಹತ್ತು ಜನ ಕೂತರೂ ಅದೇ ರೇಟು. ಹಾಗಾಗಿ ನಾಲ್ಕಾರು ಜನ ಸೇರಿ ಹೋದರೆ ಲಾಭ. ನಾವು ಇಬ್ಬರೇ ರಾಜ ರಾಣಿಯರ ಹಾಗೆ ಹೋದೆವು.

ಈ ಮೋಟಾರು ದೋಣಿಯ ಹೆಸರು ಕ್ಲೋತೊಕ್. ಉದ್ದ, ಅಗಲ ಕಡಿಮೆ, ಮೇಲೆ ತಗ್ಗಾದ ಮರದ ಸೂರು. ಒಳಗೆ ಚಾಪೆ. ಒಳ್ಳೆ ಜಾಗ ಅಂದರೆ ಸೂರಿನ ಮೇಲೆ. ಎಲ್ಲರೂ ಹತ್ತಿ ಅಲ್ಲೇ ಕೂರುತ್ತಾರೆ. ಆದರೆ ಸೇತುವೆ ಬಂದಾಗ ತಲೆ ಬಗ್ಗಿಸಬೇಕು. ಮಳೆಗಾಲದಲ್ಲಿ ನೀರು ಏರಿದ್ದರಂತೂ ಪೂರ್ತಿ ಮಲಗಬೇಕು. ದೋಣಿಯವರು ಹಿಂದಿನಿಂದ ಕೂಗಿ ಹೇಳುತ್ತಾರೆ. ಎಂಜಿನ್ ಸದ್ದಿಗೆ ಕೇಳುವುದಿಲ್ಲ. ಇವರು ಒಂದು ಸಲ ಕೂದಲೆಳೆಯಲ್ಲಿ ಪಾರಾದರು.

ನದಿಯ ಮೇಲ್ಭಾಗಕ್ಕೆ, ದೋಣಿ ಸಂತೆ ಸೇರುವ ಲೋಕ್ ಬಾಯಿಂತಾನ್ ಕಡೆಗೆ, ಸುಮಾರು ಒಂದು ಗಂಟೆ ದಾರಿ. ಊರಿನ ದೀಪ ಮುಗಿದ ಮೇಲೆ ದಂಡೆಯ ಮನೆಗಳು ಒಂದೊಂದಾಗಿ ಎದ್ದವು. ಪ್ರತಿ ಮನೆಗೂ ನೀರಿಗೆ ಇಳಿಯಲು ಉಲಿನ್ ಮರದ ಮೆಟ್ಟಿಲು. ಕಬ್ಬಿಣದಷ್ಟು ಗಟ್ಟಿ, ನೀರಲ್ಲಿ ನೆನೆದರೂ ಬೇಗ ಕೊಳೆಯದ ಮರ ಅದು. ಅದೇ ಮೆಟ್ಟಿಲ ಮೇಲೆ ಒಬ್ಬರು ಹಲ್ಲುಜ್ಜುತ್ತಿದ್ದರು, ಇನ್ನೊಬ್ಬರು ಬಟ್ಟೆ ಒಗೆಯುತ್ತಿದ್ದರು, ನಾಲ್ಕು ಮಾರು ಆಚೆಗೆ ಹಲಗೆ ಕಟ್ಟಿದ ಪಾಯಿಖಾನೆ. ಎಲ್ಲ ಒಂದೇ ನೀರು. ಫೋಟೋದಲ್ಲಿ ಇದು ಬರುವುದಿಲ್ಲ, ಹೋದವರಿಗೆ ಕಂಡೇ ಕಾಣುತ್ತದೆ. ಮಕ್ಕಳು ಕೈ ಬೀಸಿದರು. ನಾವೂ ಬೀಸಿದೆವು.

ಆರು ಗಂಟೆ ಹೊತ್ತಿಗೆ ಎದುರಿಗೇ ಸೂರ್ಯ. ಅಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಮಳೆಗಾಲದಲ್ಲಿ ಮೇಲಿನಿಂದ ಅಂತರಗಂಗೆ ರಾಶಿ ರಾಶಿಯಾಗಿ ತೇಲಿ ಬರುತ್ತದೆ. ಅದರ ಬೇರು ಫ್ಯಾನಿಗೆ ಸುತ್ತಿಕೊಂಡಿತ್ತು. ದೋಣಿಯವರು ಬೈಯಲೂ ಇಲ್ಲ, ಗಾಬರಿಯೂ ಆಗಲಿಲ್ಲ. ಸಿಗರೇಟು ತುಟಿಯಲ್ಲೇ ಇಟ್ಟುಕೊಂಡು, ಹಿಂದೆ ಹೊಟ್ಟೆ ಮೇಲೆ ಮಲಗಿ, ಕತ್ತಿ ಹಿಡಿದು ನೀರೊಳಗೆ ಕೈ ಹಾಕಿ ಕೊಯ್ಯತೊಡಗಿದರು. ಕಪ್ಪು ಬೇರಿನ ಜಡೆಗಳು ಒಂದೊಂದೇ ಹೊರಬಂದವು. ನಾವು ಅಷ್ಟು ಹೊತ್ತು ಹರಿವಿಗೆ ಸಿಕ್ಕಿ ಹಿಂದಕ್ಕೆ, ಬಂದ ದಾರಿಗೇ ತೇಲುತ್ತಿದ್ದೆವು. "ಸಂತೆ ತಪ್ಪಿಹೋಗಲ್ವಾ?" ಅಂತ ಕೇಳಿದೆ. "ಸಂತೆಯೂ ಈ ಕಡೆಗೇ ತೇಲ್ತಾ ಇದೆ" ಅಂದರು.

ಅದು ತಮಾಷೆ ಮಾತು ಅಂದುಕೊಂಡೆ. ನಿಜವಾಗಿಯೂ ಹಾಗೇ. ಈ ಸಂತೆಗೆ ನಿಂತ ಜಾಗ ಇಲ್ಲ. ಮಾರುವವರು ಬೆಳಿಗ್ಗೆ ಒಂದು ಕಡೆ ಸೇರುತ್ತಾರೆ, ಆಮೇಲೆ ಮಾರುತ್ತ ಮಾರುತ್ತ ಎಲ್ಲ ದೋಣಿಗಳೂ ಒಟ್ಟಿಗೆ ಹರಿವಿನ ಜೊತೆ ಸಾಗುತ್ತವೆ. ಒಂಬತ್ತು ಗಂಟೆಗೆ ಎಲ್ಲ ಚದುರಿ ಖಾಲಿ.

ನಾವು ಹತ್ತಿರ ಹೋಗುವ ಮೊದಲೇ ದೋಣಿಗಳು ನಮ್ಮನ್ನು ಮುತ್ತಿದವು. ಜುಕುಂಗ್ ಅನ್ನುವ ಸಣ್ಣ ಹುಟ್ಟುದೋಣಿಗಳು. ನಡೆಸುವವರು ಬಹುಪಾಲು ಹೆಂಗಸರೇ. ತಲೆ ಮೇಲೆ ಮೊರದಷ್ಟು ಅಗಲದ ಓಲೆಯ ಟೋಪಿ. ಮುಖಕ್ಕೆ ಅಕ್ಕಿಹಿಟ್ಟಿನ ತಂಪು ಲೇಪ. ಬಿಸಿಲು ಬೀಳದ ಹಾಗೆ ಮುಂಜಾನೆಯೇ ಬಳಿದುಕೊಂಡು ಬರುತ್ತಾರೆ. ಅದು ಒಣಗಿ ಕೆನ್ನೆ ಮೇಲೆ ಬಿರುಕು ಬಿಟ್ಟಿರುತ್ತದೆ, ನಕ್ಕಾಗ ಪುಡಿ ಉದುರುತ್ತದೆ. ಇವರನ್ನೆಲ್ಲ "ಆಚಿಲ್" ಅಂತ ಕರೆಯಬೇಕು, ಚಿಕ್ಕಮ್ಮ ಅಂದ ಹಾಗೆ. ಅವರು ನನ್ನನ್ನು ತಂಗಿ ಅಂದರು. ಸಂಬಂಧ ಸರಿಹೋಗಲ್ಲ, ಆದರೆ ವ್ಯಾಪಾರಕ್ಕೆ ಅಡ್ಡಿಯಿಲ್ಲ.

ದೋಣಿಯೊಳಗೆ ಇದ್ದದ್ದು ಹಿತ್ತಲಿನ ಸಾಮಾನು. ಹಸಿರು ತೊಗಟೆಯ ಕಿತ್ತಳೆ, ಬಾಳೆಗೊನೆ, ಬದನೆ, ಹೊನಗೊನೆಯಂಥ ಸೊಪ್ಪುಗಳು, ಡುರಿಯಾನ್, ಲಿಮಾವ್ ಕುಯಿತ್ ಅನ್ನುವ ದಪ್ಪ ಸಿಪ್ಪೆಯ ಘಮಘಮ ನಿಂಬೆ. ಪಕ್ಕದ ಎರಡು ದೋಣಿಯವರು ದುಡ್ಡೇ ಇಲ್ಲದೆ ವ್ಯಾಪಾರ ಮುಗಿಸಿದರು. ಈ ಕಡೆಯಿಂದ ಒಂದು ಬುಟ್ಟಿ ಕಿತ್ತಳೆ ಹೋಯಿತು, ಆ ಕಡೆಯಿಂದ ಸೊಪ್ಪಿನ ಕಂತೆ ಮತ್ತು ಒಂದು ಪೊಟ್ಟಣ ಒಣಮೀನು ಬಂತು. ತೂಕವೂ ಇಲ್ಲ, ಲೆಕ್ಕವೂ ಇಲ್ಲ. ಕೊನೆಗೆ ಸೊಪ್ಪಿನವರು ಇನ್ನೆರಡು ಕಿತ್ತಳೆ ಸುಮ್ನೆ ಎತ್ತಿಕೊಂಡರು. ಕಿತ್ತಳೆಯವರು ನೋಡಿಯೂ ನೋಡದ ಹಾಗೆ ಇದ್ದರು.

ನಾನು ಕಿತ್ತಳೆ ತೆಗೆದುಕೊಂಡೆ. ದುಡ್ಡು ಕೊಟ್ಟೆ, ಚೀಲ ಇಸಿದುಕೊಳ್ಳಲು ಹೋದೆ. ಆಚಿಲ್ ಚೀಲ ಬಿಡಲಿಲ್ಲ. "ಜುವಾಲ್" ಅಂತ ಹೇಳಿ ನನ್ನ ಮುಖ ನೋಡಿದರು. ಮಾರಿದೆ ಅಂತ. ನಾನು ಪಿಳಿಪಿಳಿ ನೋಡಿದೆ. ನಮ್ಮ ದೋಣಿಯವರು ಹಿಂದಿನಿಂದ "ತುಕಾರ್ ಅನ್ನಿ, ತುಕಾರ್ ಅನ್ನಿ" ಅಂದರು. ಕೊಂಡೆ ಅಂತ. ಹೇಳಿದೆ. ಆಗ ಚೀಲ ಬಿಟ್ಟರು. ಬಾಂಜಾರ್ ಜನ ಹೀಗೆ ಬಾಯಿ ಬಿಟ್ಟು ಹೇಳಿದರೇ ವ್ಯಾಪಾರ ಆದ ಲೆಕ್ಕ. ಒಪ್ಪಿಕೊಂಡದ್ದು ಎರಡೂ ಕಡೆಯವರ ಕಿವಿಗೆ ಬೀಳಬೇಕು, ಧರ್ಮದ ಪ್ರಕಾರ ಅದು ಸರಿ. ಆಮೇಲೆ ಇವರಿಗೆ ಇದೇ ಆಟ ಆಯಿತು. ಬೇಕಿಲ್ಲದ ಬಾಳೆಹಣ್ಣನ್ನೂ ತುಕಾರ್ ಅಂದು ಕೊಂಡುಕೊಂಡರು.

ತಿಂಡಿ ದೋಣಿ ಬೇರೆ ಇರುತ್ತದೆ. ಸ್ವಲ್ಪ ದೊಡ್ಡದು, ಸೂರು ಇದೆ, ಒಳಗೆ ಒಲೆ ಉರಿಯುತ್ತಿದೆ, ಕಾಫಿ ಕುದಿಯುತ್ತಿದೆ. ತಟ್ಟೆಗಳಲ್ಲಿ ವಾದಾಯ್ ಸಾಲಾಗಿ ಜೋಡಿಸಿದ್ದರು. ಬಾಂಜಾರ್ ಸಿಹಿತಿಂಡಿಗೆಲ್ಲ ಒಟ್ಟಾಗಿ ಆ ಹೆಸರು. ಹಬ್ಬ ಮದುವೆಗೆ 41 ಬಗೆ ಮಾಡುವ ಸಂಪ್ರದಾಯ ಇದೆ. ತಿಂಡಿ ನಿಮ್ಮ ಕೈಗೆ ಎಟುಕುವುದಿಲ್ಲ. ಒಂದು ಉದ್ದನೆ ಕೋಲು ಕೊಡುತ್ತಾರೆ, ತುದಿಯಲ್ಲಿ ಮೊಳೆ. ನಿಮ್ಮ ದೋಣಿಯಲ್ಲೇ ಕೂತು, ಬೇಕಾದ ತಿಂಡಿಗೆ ಮೊಳೆ ಚುಚ್ಚಿ, ನೀರಿನ ಮೇಲಿಂದ ಎಳೆದುಕೊಳ್ಳಬೇಕು. ಎರಡೂ ದೋಣಿ ಅಲ್ಲಾಡುತ್ತಿರುತ್ತವೆ. ಕರಿದ ತಿಂಡಿ ಸುಲಭ, ಮೊಳೆ ಗಟ್ಟಿ ಕೂರುತ್ತದೆ. ಬಾಳೆ ಎಲೆಯಲ್ಲಿ ಸುತ್ತಿದ್ದಕ್ಕೆ ಎಲೆಯ ಮಡಿಕೆಗೇ ಚುಚ್ಚಬೇಕು. ಇವರು ಆಸೆಗೆ ಬಿದ್ದು ಬಿಂಗ್ಕಾ ಚೂರಿಗೆ ಕೈ ಹಾಕಿದರು. ಅದು ಮೊಟ್ಟೆ, ತೆಂಗಿನ ಹಾಲು ಹಾಕಿ ಬೇಯಿಸಿದ ಮೆತ್ತನೆ ಸಿಹಿ. ಅರ್ಧ ದಾರಿಗೆ ಮೊಳೆಯಿಂದ ಜಾರಿ ಪುಳಕ್ ಅಂತ ಮಾರ್ತಾಪುರಾ ನದಿಗೆ ಬಿತ್ತು. ಸುತ್ತ ಇದ್ದ ಆಚಿಲ್‌ಗಳೆಲ್ಲ ಕೂಗಿ ನಕ್ಕರು. ತಿಂಡಿಯವರೂ ನಕ್ಕರು, ಲೆಕ್ಕಕ್ಕೆ ಮಾತ್ರ ಸೇರಿಸಿದರು. ಮೀನಿಗೆ ಕೊಟ್ಟದ್ದಕ್ಕೂ ದುಡ್ಡು ಕೊಡಬೇಕಲ್ಲ! ಚಿಲ್ಲರೆ ಜಾಸ್ತಿ ಇಟ್ಟುಕೊಂಡು ಹೋಗಿ. 5,000ದ ನೋಟು ಬಹಳ ಓಡುತ್ತದೆ. ಅದರ ಮೇಲಿರುವ ಇದ್ಹಾಮ್ ಖಾಲಿದ್ ಇದೇ ಪ್ರಾಂತ್ಯದವರು ಅಂತ ದೋಣಿಯವರು ಹೆಮ್ಮೆಯಿಂದ ತೋರಿಸಿದರು.

ಒಂದು ದೋಣಿಯಲ್ಲಿ ಕಪ್ಪಗೆ, ನೇರಳೆ ಬಣ್ಣಕ್ಕೆ ತಿರುಗಿದ ಪುಟ್ಟ ಮಾವಿನಹಣ್ಣು ಕಂಡವು. ಕಸ್ತೂರಿ ಮಾವು. ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣದು. ಒಳಗೆ ಕಡು ಕಿತ್ತಳೆ ಬಣ್ಣ, ನಾರು, ಮೂಗಿಗೆ ಬಡಿಯುವ ಪರಿಮಳ. ಈ ಜಾತಿ ಹುಟ್ಟಿದ್ದೇ ದಕ್ಷಿಣ ಕಾಲಿಮಂತಾನ್‌ನಲ್ಲಿ. ಕಾಡಿನಲ್ಲಿ ಈಗ ಒಂದೂ ಉಳಿದಿಲ್ಲ ಎಂದು 1998ರಲ್ಲೇ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಹಾಕಿದ್ದಾರೆ. ಉಳಿದಿರುವುದು ಇಂಥವರ ಹಿತ್ತಲಿನಲ್ಲಿ ಮಾತ್ರ. "ಅಜ್ಜಿ ನೆಟ್ಟ ಮರ, ನಾವೇನು ಉಳಿಸಬೇಕು ಅಂತ ಉಳಿಸಿದ್ದಲ್ಲ, ಕಡಿಯೋಕೆ ಪುರುಸೊತ್ತಾಗಿಲ್ಲ" ಅಂದರು ಹಣ್ಣಿನ ಆಚಿಲ್. ಸ್ವಲ್ಪವೇ ಇತ್ತು, ಎಲ್ಲ ಬೇರೆ ದೋಣಿಯವರು ಆಗಲೇ ಮಾತಾಡಿಕೊಂಡಿದ್ದರು. ನನಗೆ ರುಚಿ ನೋಡಲು ಒಂದು ಕೊಟ್ಟು, "ನಾಳೆ ಊರಿಗೆ ಬರ್ತೀನಿ, ಸಿರಿಂಗ್‌ಗೆ. ಅಲ್ಲಿ ತಗೋ" ಅಂದರು.

ವಾಪಸ್ ಬರುವಾಗ ಬಾನುವಾ ಅನ್ಯಾರ್ ಸೇತುವೆ ಹತ್ತಿರ ದೋಣಿ ನಿಲ್ಲಿಸಿ ಸೋತೊ ಬಾಂಜಾರ್ ತಿಂದೆವು. ನೀರಿನಿಂದಲೇ ಮೆಟ್ಟಿಲು ಹತ್ತಿ ಹೋಟೆಲಿಗೆ ಹೋಗಬಹುದು. ಜಾವಾದ ಎಷ್ಟೋ ಸೋತೊಗಳಿಗೆ ಅರಿಶಿನ ಹಾಕುತ್ತಾರೆ, ಇದಕ್ಕೆ ಹಾಕಲ್ಲ. ತಿಳಿ ಕೋಳಿ ಸಾರು. ಚಕ್ಕೆ, ಲವಂಗ, ಜಾಯಿಕಾಯಿ ಮೂರೂ ಬಾಯಿಗೆ ಗೊತ್ತಾಗುತ್ತವೆ. ಅದರೊಳಗೆ ಓಲೆ ಗೂಡಿನಲ್ಲಿ ಬೇಯಿಸಿದ ಅನ್ನದ ತುಂಡು, ಎಳೆ ಶ್ಯಾವಿಗೆ, ಬಾತುಕೋಳಿ ಮೊಟ್ಟೆ, ಆಲೂ ವಡೆ. ಮೇಲೆ ಲಿಮಾವ್ ಕುಯಿತ್ ಹಿಂಡಿದರೆ ಬೇರೆಯೇ ಸಾರು ಆಗುತ್ತದೆ. ಮೊದಲು ಹಿಂಡದೆ ಒಂದು ಚಮಚ ಕುಡಿದು ನೋಡಿ. ಗೋಡೆ ಮೇಲೆ ಬಿಳಿ ಪೇಟದ ಗುರುಗಳೊಬ್ಬರ ದೊಡ್ಡ ಫೋಟೋ. ಗುರು ಸೆಕುಂಪುಲ್, 2005ರಲ್ಲಿ ತೀರಿಕೊಂಡವರು. ಆಮೇಲೆ ಅಂಗಡಿ, ಟ್ಯಾಕ್ಸಿ, ಔಷಧಿ ಶಾಪು, ಎಲ್ಲಿ ಹೋದರೂ ಅವರ ಫೋಟೋ ಕಂಡಿತು. ಪ್ರತಿ ವರ್ಷ ಅವರ ಪುಣ್ಯತಿಥಿಗೆ ಇಲ್ಲೇ ಹತ್ತಿರದ ಮಾರ್ತಾಪುರಾ ಊರಿಗೆ ಲಕ್ಷಾಂತರ ಜನ ಬರುತ್ತಾರೆ. ಆ ವಾರ ಟಿಕೆಟೂ ಸಿಗಲ್ಲ, ರೂಮೂ ಸಿಗಲ್ಲ. ಹಿಜರಿ ರಜಬ್ ತಿಂಗಳು ಯಾವಾಗ ಅಂತ ನೋಡಿಕೊಂಡು ಹೊರಡುವುದು ಒಳ್ಳೆಯದು.

ಮಧ್ಯಾಹ್ನ ಮಳೆ ಹೊಡೆಯಿತು. ನಿಂತ ಮೇಲೆ ಊರಿನ ಕುಯಿನ್ ಅನ್ನುವ ಭಾಗಕ್ಕೆ ಹೋದೆವು. ಅಲ್ಲಿ ಸುಲ್ತಾನ್ ಸುರಿಯಾನ್ಸ್ಯಾ ಮಸೀದಿ ಇದೆ, ಈ ಪ್ರಾಂತ್ಯದ ಅತಿ ಹಳೆಯದು. ಗುಮ್ಮಟ ಇಲ್ಲ. ಒಂದರ ಮೇಲೊಂದು ಕೂತ ಇಳಿಜಾರು ಮಾಡು, ಪೂರ್ತಿ ಮರದ ಕೆಲಸ. ಸುರಿಯಾನ್ಸ್ಯಾ ಅಂದರೆ ಬಾಂಜಾರ್ ರಾಜರಲ್ಲಿ ಮೊದಲು ಇಸ್ಲಾಂಗೆ ಬಂದವನು. ಊರಿನ ಹುಟ್ಟುಹಬ್ಬವನ್ನು 1526ರ ಸೆಪ್ಟೆಂಬರ್ 24 ಅಂತ ಲೆಕ್ಕ ಹಾಕುವುದೂ ಅವನ ಕಾಲದಿಂದಲೇ.

ಮಸೀದಿ ಎದುರಿನ ಕುಯಿನ್ ನದಿ ಬಾರಿತೊ ನದಿಗೆ ಸೇರುವ ಕಡೆಯೂ ಹಿಂದೆ ನೀರಿನ ಮೇಲೆ ಸಂತೆ ನಡೆಯುತ್ತಿತ್ತು. ಲೋಕ್ ಬಾಯಿಂತಾನ್‌ಗಿಂತ ಅದೇ ಹೆಸರುವಾಸಿ. 90ರ ದಶಕದಲ್ಲಿ ಆರ್‌ಸಿಟಿಐ ಟೀವಿ ಚಾನೆಲ್ಲಿನ ಜಾಹೀರಾತಿನಲ್ಲಿ ಕುಯಿನ್ ಸಂತೆಯ ಹೆಂಗಸೊಬ್ಬರು ದೋಣಿಯಿಂದ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಆ ಕಾಲದ ಇಂಡೋನೇಷ್ಯಾದವರಿಗೆಲ್ಲ ಅದು ನೆನಪಿದೆ. ಇವರ ಆಫೀಸಿನಲ್ಲಿ ಬಾಂಜಾರ್‌ಮಾಸಿನ್ ಅಂದ ಕೂಡಲೇ ಮೂರು ಜನ ಹೆಬ್ಬೆರಳು ಎತ್ತಿದ್ದರಂತೆ. ಚಹಾ ಅಂಗಡಿಯ ಅಜ್ಜನನ್ನು ಕೇಳಿದೆ, ಸಂತೆ ಎಲ್ಲಿ ಹೋಯಿತು ಅಂತ. ಅವರು ಅಂಗಡಿ ಎದುರು ನಿಂತಿದ್ದ ಮೋಟಾರ್‌ಸೈಕಲ್ ತೋರಿಸಿದರು. ರಸ್ತೆ ಬಂತು, ಸೇತುವೆ ಬಂತು, ತರಕಾರಿ ಲಾರಿಯಲ್ಲಿ ಬಂತು. ದೋಣಿಗೆ ಕಾಯುವವರು ಯಾರು? "ನನ್ನ ಹೆಂಡತಿಯೇ ಹೋಗ್ತಿರಲಿಲ್ಲ, ಬೈಕಲ್ಲಿ ಮಾರ್ಕೆಟ್ಟಿಗೆ ಹೋಗ್ತಿದ್ದಳು" ಅಂದರು.

ಸಂಜೆ ಸಾಸಿರಾಂಗಾನ್ ಬಟ್ಟೆ ಬೀದಿಗೆ ಹೋಗಿ ಒಂದು ದುಪಟ್ಟಾ ಕೊಂಡೆ. ದಾರ ಹೊಲಿದು, ಬಿಗಿಯಾಗಿ ಎಳೆದು, ಬಣ್ಣದಲ್ಲಿ ಅದ್ದಿ, ಆಮೇಲೆ ದಾರ ಬಿಚ್ಚುತ್ತಾರೆ. ದಾರ ಇದ್ದ ಕಡೆ ಬಿಳಿ ಗೆರೆ ಉಳಿಯುತ್ತದೆ. ಹಿಂದೆ ಇದನ್ನು ಕಾಯಿಲೆ ವಾಸಿಯಾಗಲಿ ಅಂತ ಹೊದಿಸುತ್ತಿದ್ದರಂತೆ. ಪ್ರಿಂಟ್ ಮಾಡಿದ ನಕಲೂ ಬಹಳ ಇವೆ. ಬಟ್ಟೆ ತಿರುಗಿಸಿ ಸೂಜಿ ತೂತು ಇದೆಯಾ ನೋಡಬೇಕು.

ಭಾನುವಾರ

ಇವತ್ತಿನ ಸಂತೆಗೆ ದೋಣಿ ಬೇಕಿಲ್ಲ. ಸಿರಿಂಗ್ ಅಂದರೆ ಊರ ನಡುವೆ ನದಿ ಪಕ್ಕ ಕಟ್ಟಿದ ದಂಡೆ. ಶನಿವಾರ, ಭಾನುವಾರ ಬೆಳಿಗ್ಗೆ ದೋಣಿಯವರೇ ಇಲ್ಲಿಗೆ ಬರುತ್ತಾರೆ. ಇದಕ್ಕೆ ನಾನು ದೊಡ್ಡ ಆಸೆ ಇಟ್ಟುಕೊಂಡಿರಲಿಲ್ಲ. ಪ್ರವಾಸಿಗರಿಗಾಗಿ ಮಾಡಿದ ನಾಟಕ, ಅಸಲಿ ಸಂತೆ ನೋಡಿದವರಿಗೆ ಇದು ಬೇಡ ಅಂತ ಬಹಳ ಜನ ಹೇಳಿದ್ದರು.

ಆರೂವರೆಗೇ ಜಾತ್ರೆ. ಓಡುವವರು, ಏರೋಬಿಕ್ಸ್ ಮಾಡುವವರು, ಬಲೂನು ಮಾರುವವರು. ಉದ್ದ ಮೂಗಿನ ಬೆಕಾಂತಾನ್ ಕೋತಿಯ ದೊಡ್ಡ ಪ್ರತಿಮೆ ಬಾಯಿಂದ ನದಿಗೆ ನೀರು ಉಗುಳುತ್ತಿತ್ತು. ಅದರ ಕೆಳಗೆ ಮಕ್ಕಳನ್ನು ನಿಲ್ಲಿಸಿ ಅಪ್ಪಂದಿರು ಫೋಟೋ ತೆಗೆಯುತ್ತಿದ್ದರು. ಜುಕುಂಗ್‌ಗಳನ್ನು ದಂಡೆಗೆ ಮೂತಿ ಮಾಡಿ ಒತ್ತೊತ್ತಾಗಿ ಕಟ್ಟಿದ್ದರು. ಇಲ್ಲಿ ಹುಟ್ಟು ಹಾಕುವ ಕೆಲಸವೇ ಇಲ್ಲ. ಜನ ಕುಕ್ಕರಗಾಲಲ್ಲಿ ಕೂತು ಮೇಲಿನಿಂದಲೇ ಕೊಳ್ಳುತ್ತಾರೆ.

ಮೊದಲು ನಾಷ್ಟಾ. ಹಳದಿ ಅನ್ನ, ಅದರ ಜೊತೆ ಹಾರುವಾನ್ ಮೀನಿನ ಹಾಬಾಂಗ್, ಅಂದರೆ ಕೆಂಪು ಮಸಾಲೆಯ ಅಡುಗೆ. ಹಾರುವಾನ್ ಸಿಹಿನೀರಿನ ಮೀನು, ತಲೆ ಹಾವಿನ ತಲೆ ಥರ. ಮಸಾಲೆ ಕೆಂಪು ನೋಡಿ ಇವರು ಹೆದರಿದರು. ಒಣಮೆಣಸಿನ ಕೆಂಪು, ಆದರೆ ಖಾರವೇ ಇಲ್ಲ, ಒಳ್ಳೇ ಬ್ಯಾಡಗಿ ಮೆಣಸು ಅರೆದು ಹಾಕಿದ ಹಾಗೆ ಬಣ್ಣ ಮಾತ್ರ. ಜೊತೆಗೆ ಒಂದಿಷ್ಟು ಬೆಲ್ಲದ ಸಿಹಿ. ಕುಂದಾಪುರದವಳಾದ ನನಗೆ ಮೀನಿಗೆ ಸಿಹಿ ಒಗ್ಗುವುದಿಲ್ಲ. ಆದರೂ ತಟ್ಟೆ ಖಾಲಿ ಮಾಡಿದೆ.

ಹಣ್ಣಿನ ಆಚಿಲ್ ಸಿಕ್ಕರು. ನಿನ್ನೆ ಮಾಸಿದ ಅಂಗಿ ಹಾಕಿದ್ದವರು ಇವತ್ತು ಇಸ್ತ್ರಿ ಮಾಡಿದ ಹಳದಿ ಬಟ್ಟೆ, ತುಟಿಗೆ ಬಣ್ಣ. ಮುಖದ ಲೇಪವೂ ನುಣ್ಣಗೆ, ಹೊಸದು. ನನ್ನನ್ನು ನೋಡಿದ್ದೇ ಒಂದು ಪಾಂತುನ್ ಹೇಳಿದರು. ನಾಲ್ಕು ಸಾಲಿನ ಪ್ರಾಸದ ಪದ್ಯ. ಮೊದಲೆರಡು ಸಾಲು ಹೊಳೆ, ಹೂವು, ಹಕ್ಕಿ. ಕೊನೆಯ ಎರಡು ಸಾಲು ನೇರ ನಮ್ಮ ಜೇಬಿಗೆ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು, ಮೊಬೈಲ್ ಎತ್ತಿದರು.

ಕಸ್ತೂರಿ ಇತ್ತು, ಬುಟ್ಟಿ ತುಂಬ. ಬೆಲೆ ಕೇಳಿದೆ. ನಿನ್ನೆ ಪಕ್ಕದ ದೋಣಿಗೆ ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. "ಏನು ಆಚಿಲ್, ರಾತ್ರಿ ಕಳೆಯೋದರೊಳಗೆ ಇಷ್ಟು ಏರಿತಾ?" ಅಂದೆ. ಅವರು ನಾಚಿಕೊಳ್ಳಲಿಲ್ಲ. "ಅಷ್ಟು ದೂರ ಹುಟ್ಟು ಹಾಕ್ಕೊಂಡು ಬರೋಕಾಗತ್ತಾ ತಂಗಿ? ನಡುರಾತ್ರಿ ಎದ್ದು, ಎಲ್ಲ ದೋಣಿ ಸಾಲಾಗಿ ಹಗ್ಗ ಕಟ್ಟಿ, ಮೋಟಾರು ದೋಣಿಯಿಂದ ಎಳೆಸಿಕೊಂಡು ಬರ್ತೀವಿ. ಅವನಿಗೆ ದುಡ್ಡು ಬೇಡ್ವಾ?"

ಯಾವ ಸಂತೆ ಇಷ್ಟ ಅಂತ ಕೇಳಿದೆ. ಅಲ್ಲಿ ಗೆಳತಿಯರು ಸಿಗುತ್ತಾರೆ, ಇಲ್ಲಿ ದುಡ್ಡು ಸಿಗುತ್ತದೆ ಅಂದರು. ವಾರವೆಲ್ಲ ಅಲ್ಲಿ ಮಾರಿದ್ದಕ್ಕಿಂತ ಈ ಒಂದು ಬೆಳಿಗ್ಗೆ ಜಾಸ್ತಿ ಆಗುವುದೂ ಉಂಟಂತೆ. ಮಗಳು ಕಾಲೇಜಿನಲ್ಲಿದ್ದಾಳೆ. ಅವಳು ದೋಣಿ ಹತ್ತುವುದಿಲ್ಲ. "ಹತ್ತೋದು ಬೇಡ" ಅಂತ ತಾವೇ ಸೇರಿಸಿದರು.

ಇದು ನಾಟಕ ಅಂದವರು ಒಂದು ಬುಟ್ಟಿ ಹಣ್ಣನ್ನಾದರೂ ಕೊಂಡಿದ್ದರೋ ಇಲ್ಲವೋ. ಇಸ್ತ್ರಿ ಬಟ್ಟೆ, ಪದ್ಯ, ಏರಿದ ಬೆಲೆ, ಎಲ್ಲ ಹೌದು. ಆದರೆ ಹಣ್ಣು ಅದೇ ಹಿತ್ತಲಿನದು, ಕೂತವರು ಅದೇ ಹೆಂಗಸು. ಕುಯಿನ್‌ನಲ್ಲಿ ಗಿರಾಕಿ ಹೋದರು, ಸಂತೆ ಹೋಯಿತು. ಇಲ್ಲಿ ಗಿರಾಕಿ ಇರುವ ಕಡೆಗೆ ಸಂತೆಯೇ ಹಗ್ಗ ಕಟ್ಟಿಸಿಕೊಂಡು ಬಂದಿದೆ. ಒಂದೇ ಬೆಳಿಗ್ಗೆ ಇರುವವರು, ವಯಸ್ಸಾದವರನ್ನು ಕರೆದುಕೊಂಡು ಬಂದವರು ಧಾರಾಳವಾಗಿ ಸಿರಿಂಗ್ ಮಾತ್ರ ನೋಡಿ ಹೋಗಬಹುದು. ಎರಡು ದಿನ ಇದ್ದರೆ ಮೊದಲು ಲೋಕ್ ಬಾಯಿಂತಾನ್, ಆಮೇಲೆ ಇದು.

ಚೌಕಾಸಿ ಮಾಡದೆ ಎರಡು ಕಿಲೋ ತೆಗೆದುಕೊಂಡೆ. ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ.

ಇವರಿಗೆ ಡುರಿಯಾನ್ ಒಂದನ್ನು ಮನೆಗೆ ಒಯ್ಯುವ ಆಸೆ. ವಿಮಾನದಲ್ಲಿ ಬಿಡಲ್ಲ ಅಂತ ಟ್ಯಾಕ್ಸಿಯವರೇ ಹೇಳಿದರು. ಸರಿ, ರಸ್ತೆ ಬದಿಯ ಬೆಂಚಿನ ಮೇಲೆ ಕೂತು ಮೂವರೂ ಅದನ್ನು ಮುಗಿಸಿದೆವು. ಏರ್‌ಪೋರ್ಟ್ ತಲುಪುವವರೆಗೂ ನಾಲ್ಕೂ ಕಿಟಕಿ ತೆರೆದೇ ಇತ್ತು. ನಡುವೆ ಮತ್ತೆ ಮಳೆ ಬಂದು ಮಡಿಲೆಲ್ಲ ಒದ್ದೆ.

ಕಸ್ತೂರಿಗೆ ಯಾರ ತಕರಾರೂ ಬರಲಿಲ್ಲ. ಸೋಮವಾರ ರಾತ್ರಿ ಅರ್ಧದಷ್ಟು ಹಣ್ಣಿನ ಸಿಪ್ಪೆ ತೆಗೆದು, ಹಿಸುಕಿ, ತೆಂಗಿನಕಾಯಿ, ಸಾಸಿವೆ, ಒಣಮೆಣಸು ಅರೆದು ಹಾಕಿ ಸಾಸಿವೆ ಮಾಡಿದೆ. ಊರಲ್ಲಿ ಕಾಟು ಮಾವಿನಹಣ್ಣಿಗೆ ಮಾಡುವ ಹಾಗೇ. ನಾರು ಸ್ವಲ್ಪ ಜಾಸ್ತಿ ಆಯಿತು, ಬೆಲ್ಲ ಹಾಕುವುದು ಬೇಕಾಗಲಿಲ್ಲ. ಇವರು ಮರುದಿನ ಡಬ್ಬಿಗೂ ಅದನ್ನೇ ಹಾಕಿಸಿಕೊಂಡು ಹೋದರು.